ಗಣಿಯ ಬಾಗಿಲಲ್ಲಿ ಹೆಣ್ಣುಮಗಳು
(ಹದಡಿಯ ಶರಣ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಹದಡಿಯ ತಾಯಂದಿರೇ, ಶರಣ ಬಂಧುಗಳೇ,

‘ಮಹಿಳೆ ಮತ್ತು ಕಾಯಕ’ ಎಂದು ವಿಷಯ ಕೊಟ್ಟಿದ್ದೀರಿ. ನಾನು ಚಿನ್ನದ ಗಣಿಯ ಮಾತಾಡುತ್ತೇನೆ. ಮೈಮೇಲಿನ ಬಂಗಾರದ ಲೆಕ್ಕ ನಮ್ಮ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಅದನ್ನು ಅಗೆಯುವ ಜಾಗಕ್ಕೆ ಅವರು ಇಳಿಯುವಂತಿರಲಿಲ್ಲ ಎಂಬುದು ಎಷ್ಟು ಜನರಿಗೆ ಗೊತ್ತು?

1952ರ ಗಣಿ ಕಾಯ್ದೆಯ 46ನೇ ಕಲಮು ಹೆಣ್ಣು ನೆಲದೊಳಗಿನ ಗಣಿಯಲ್ಲಿ ದುಡಿಯಕೂಡದು ಎಂದಿತು. ಅದರ ಹಿಂದೆ ದಯೆಯೂ ಇತ್ತು ಅನ್ನಿ. ಕಲ್ಲಿದ್ದಲ ಗಣಿಗಳಲ್ಲಿ ಹೆಂಗಸರು ಕೆಳಗಿಳಿದು ಜೀವ ಸವೆಸಿದ ಕಾಲ ನಮ್ಮ ದೇಶದಲ್ಲೇ ಇತ್ತು. ಆದರೆ ಬುಟ್ಟಿ ಹೊರುವವಳಿಗೆ ಹಾಕಿದ ಬೀಗ ಇಂಜಿನಿಯರ್ ಆಗಬೇಕೆಂದವಳಿಗೂ ಬಿತ್ತು. ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚುವವರೆಗೂ ಇದೇ ಕಾನೂನು. ನಾಗಪುರದ ಚಂದ್ರಾಣಿ ಪ್ರಸಾದ್ ವರ್ಮಾ ಗಣಿ ಇಂಜಿನಿಯರಿಂಗ್ ಓದುತ್ತೇನೆಂದಾಗ ಹುಡುಗಿಗೆ ಸೀಟಿಲ್ಲ ಎಂದರು. ಹೈಕೋರ್ಟಿನವರೆಗೂ ಹೋಗಿ ಆಕೆ ಓದಿದರು, ಈ ದೇಶದ ಮೊದಲ ಗಣಿ ಇಂಜಿನಿಯರ್ ಮಹಿಳೆಯಾದರು.

ದಕ್ಷಿಣ ಆಫ್ರಿಕಾದ ಬ್ರಿಜೆಟ್ ರಾಡೆಬೆ ಇನ್ನೂ ಗಟ್ಟಿ. ಹೆಣ್ಣೆಂಬ ತಡೆ ಒಂದಾದರೆ ಬಣ್ಣದ ತಡೆ ಇನ್ನೊಂದು. ವರ್ಣಭೇದದ ಸರ್ಕಾರ ಕರಿಯರನ್ನು ಗಣಿಯ ಒಡೆತನದಿಂದ ದೂರವೇ ಇಟ್ಟಿತ್ತು. ಆಕೆ 1980ರ ದಶಕದಲ್ಲಿ ಗಣಿಗಳಲ್ಲಿ ಗುತ್ತಿಗೆ ಕೆಲಸ ಹಿಡಿದು ಕಸುಬು ಕಲಿತರು. 1995ರಲ್ಲಿ ಮಕಾವು ಮೈನಿಂಗ್ ಎಂಬ ಸ್ವಂತ ಕಂಪನಿ ಕಟ್ಟಿದರು. ಚಿನ್ನ, ಪ್ಲಾಟಿನಂ, ಕಲ್ಲಿದ್ದಲು ಎಲ್ಲಕ್ಕೂ ಕೈಹಾಕಿದರು. ಗುತ್ತಿಗೆ ಕೆಲಸದಿಂದ ಬಂದು ಒಡತಿಯಾದವರು, ಅದಕ್ಕೇ ಹೇಳಿದೆ.

ನಮ್ಮ ಹಟ್ಟಿಯ ಚಿನ್ನದ ಗಣಿ ಇರುವುದು ಲಿಂಗಸುಗೂರು ತಾಲ್ಲೂಕಿನಲ್ಲಿ. ಆಯ್ದಕ್ಕಿ ಲಕ್ಕಮ್ಮನ ಅಮರೇಶ್ವರವೂ ಅದೇ ತಾಲ್ಲೂಕು. ಗಂಡ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅಲ್ಲೇ ಸುರಿದು ಬಾ ಎಂದವಳು ಆಕೆ. ಕಾಯಕದಲ್ಲಿ ಗಂಡಿನ ತಪ್ಪು ತಿದ್ದಿದವಳ ಊರ ಸೀಮೆಯಲ್ಲೇ ಇಷ್ಟು ಕಾಲ ಹೆಣ್ಣಿಗೆ ಗಣಿ ನಿಷಿದ್ಧ!

2019ರಲ್ಲಿ ಕೇಂದ್ರ ಸರ್ಕಾರ ಬೀಗ ತೆಗೆಯಿತು. ತಾಂತ್ರಿಕ, ಮೇಲ್ವಿಚಾರಣೆಯ ಕೆಲಸಕ್ಕೆ ಹೆಂಗಸರು ಬೆಳಗ್ಗೆ 6ರಿಂದ ಸಂಜೆ 7ರೊಳಗೆ ಕೆಳಗಿಳಿಯಬಹುದು ಎಂದು ಆಗ ನಿಯಮ ಮಾಡಿತು. ಅವರ ಲಿಖಿತ ಒಪ್ಪಿಗೆ ಬೇಕಿತ್ತು, ಪಾಳಿಯಲ್ಲಿ ಕಡಿಮೆಯೆಂದರೆ ಮೂವರಿರಬೇಕಿತ್ತು. ಒಳ್ಳೆಯ ನಿಯಮವೇ. ಆದರೆ ಒಬ್ಬಳನ್ನೂ ಓದಿಸದ ಮನೆಗಳಿಂದ ಮೂವರು ಎಲ್ಲಿಂದ ಬರಬೇಕು?

ಹೀಗೆ ಕೇಳುವ ಅಧಿಕಾರ ನನಗೆ ಪೂರ್ತಿ ಇಲ್ಲ. ನನ್ನ ತಂಗಿಯ ಮಗಳು ಪಿಯುಸಿ ಮುಗಿಸಿ ಮೈನಿಂಗ್ ಓದುತ್ತೇನೆ ಮಾವ ಎಂದಿದ್ದಳು. ನಾನು ಕಾಯ್ದೆ ತೆಗೆದು ನೋಡಿದವನಲ್ಲ. ‘ಗಣಿ ಕಡೆ ಹೋದ ಹುಡುಗಿಗೆ ಯಾರಮ್ಮ ಗಂಡು ಕೊಡ್ತಾರೆ’ ಅಂದೆ, ಅಷ್ಟೇ. ಆಕೆ ಕಂಪ್ಯೂಟರ್ ಓದಿದಳು. ಚೆನ್ನಾಗಿದ್ದಾಳೆ. ಆದರೂ ಹೊಳೆಯ ದಂಡೆಗೆ ಹೋದರೆ ಇವತ್ತಿಗೂ ಕಲ್ಲು ಆರಿಸಿ ಸೆರಗಿಗೆ ಕಟ್ಟಿಕೊಳ್ಳುತ್ತಾಳೆ. ಅದನ್ನು ನೋಡಿದಾಗ ನನ್ನ ಬಾಯಿ ಕಟ್ಟುತ್ತದೆ.

ಈಗ ಅವಳ ಮಗಳು ಪಿಯುಸಿಯಲ್ಲಿದ್ದಾಳೆ. ಸುರತ್ಕಲ್‌ನಲ್ಲಿ, ಕೆಜಿಎಫ್‌ನಲ್ಲಿ ಗಣಿ ಇಂಜಿನಿಯರಿಂಗ್ ಕಲಿಸುತ್ತಾರಂತೆ, ಕಾಲೇಜು ನೋಡಿಬರೋಣ ಬಾ ತಾತ ಎಂದು ಫೋನು ಮಾಡಿದ್ದಳು. ಬರುವ ಸೋಮವಾರ ಹೊರಡುತ್ತಿದ್ದೇವೆ.