ಬೇಕು ಅಂದರೆ, ಯಾರಿಗೆ?

ಇಂಗ್ಲಿಷಿನಲ್ಲಿ 'ಕಾಲ್' ಅಂದರೆ ಕರೆ. ಪಕ್ಕದಲ್ಲಿ 'ಫಾರ್' ಕೂತರೆ, ಅಗತ್ಯ ಇದೆ ಅಂತ ಅರ್ಥ. 'ಕ್ರೈ' ಅಂದರೆ ಅಳು, ಕೂಗು. 'ಕ್ರೈ ಔಟ್ ಫಾರ್' ಅಂದರೆ ತಡೆಯೋಕಾಗಲ್ಲ, ತುರ್ತಾಗಿ ಬೇಕು. ಇದಕ್ಕೆ ಮನುಷ್ಯರೇ ಬೇಕಿಲ್ಲ. ಪರಿಸ್ಥಿತಿ ಕರೆಯುತ್ತೆ, ರಸ್ತೆ ಕೂಗುತ್ತೆ.

ಈ ಚಾಳಿ ನಮ್ಮ ಸುದ್ದಿಗೂ ಬಂದಿದೆ. 'ಉಪನಗರ ರೈಲಿಗಾಗಿ ಚಿಕ್ಕಬಾಣಾವರದ ಕೂಗು' ಅಂತೀವಿ. ಕೇಳೋಕೆ ಚೆನ್ನಾಗಿದೆ. ಆದರೆ ಕೂಗಿದ್ದು ಯಾರು? ಕೇಳಿಸಿಕೊಳ್ಳಬೇಕಾದವರು ಯಾರು?

ಕನ್ನಡದ 'ಬೇಕು' ಅಷ್ಟು ಸುಲಭಕ್ಕೆ ಬಿಡಲ್ಲ. ಬೇಕು ಅಂದ ಕೂಡಲೇ 'ಯಾರಿಗೆ?' ಅನ್ನುತ್ತೆ. ಹೆಬ್ಬಾಳದಿಂದ ಇಲ್ಲಿನ ಕಾಲೇಜಿಗೆ ಬರುವ ಹುಡುಗಿಗೆ ಬೇಕು. ಯಶವಂತಪುರದಲ್ಲಿ ಕೆಲಸ ಮುಗಿಸಿ ರಾತ್ರಿ ಮನೆ ಸೇರುವವರಿಗೆ ಬೇಕು.

ಲೆಕ್ಕ ನೋಡಿ. ಒಟ್ಟು 148 ಕಿಲೋಮೀಟರ್ ಯೋಜನೆ. ಅದರಲ್ಲಿ ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಸುಮಾರು 25 ಕಿಲೋಮೀಟರ್, ಹೆಸರು 'ಮಲ್ಲಿಗೆ'. 2022ರ ಜೂನ್ 20ರಂದು ಪ್ರಧಾನಿ ನರೇಂದ್ರ ಮೋದಿ ಅವರಿಂದ ಶಂಕುಸ್ಥಾಪನೆ. 40 ತಿಂಗಳಲ್ಲಿ ಮುಗಿಸುವ ಭರವಸೆ. ಆ 40 ತಿಂಗಳು 2025ರ ಅಕ್ಟೋಬರ್‌ಗೆ ಮುಗಿದವು. ಮಲ್ಲಿಗೆ ಅರಳಲಿಲ್ಲ.

ಊರು ಕೂಗಿದರೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಜನ ಕೇಳಿದರೆ ಕೊಡಲೇಬೇಕು. ಅದಕ್ಕೇ ಹೀಗೆ ಕೇಳೋಣ: ಸ್ವಾಮಿ, ನಮಗೆ ರೈಲು ಬೇಕು. ಯಾವ ತಿಂಗಳು ಕೊಡ್ತೀರಿ?