ನೆಲೆ ಬದಲಾಗುವವರಿಗೆ ಟಪಾಲು ಮುಟ್ಟುವ ಬಗೆ



ಬೆಳೆವಿಮೆ, ಬ್ಯಾಂಕಿನ ಸಾಲ, ಮಕ್ಕಳ ವಿದ್ಯಾರ್ಥಿವೇತನ, ಹೀಗೆ ಅನೇಕ ಅರ್ಜಿಗಳಲ್ಲಿ ಈಗ ಇ-ಮೇಲ್ ವಿಳಾಸ ಕೇಳುತ್ತಾರೆ. "ಯಾವುದೋ ಒಂದು ಬರೆಯಪ್ಪಾ" ಎಂದು ಅಂಗಡಿಯ ಹುಡುಗನಿಗೆ ಹೇಳಿಬಿಡುವವರು ನಮ್ಮಲ್ಲಿ ಬಹಳ. ಹಾಗೆ ಬಿಡಬಾರದೇಕೆಂಬುದನ್ನು ಇಂದು ತಮ್ಮ ಮುಂದೆ ಇಡುತ್ತೇನೆ.

ಹಳಿಯಾಳ, ಜೋಯಿಡಾ ಕಡೆಯ ಗೌಳಿ ಜನರು ಹಿಂದೆ ಎಮ್ಮೆಗಳನ್ನು ಹೊಡೆದುಕೊಂಡು ಮೇವು ನೀರು ಇದ್ದಲ್ಲಿ ದೊಡ್ಡಿ ಹಾಕುತ್ತಿದ್ದರು. ಅಂಥವರ ಕಾಗದವನ್ನು ಟಪಾಲಿನವನು ಎಲ್ಲಿಗೆಂದು ಒಯ್ಯಬೇಕು? ಮುಟ್ಟುವಷ್ಟರಲ್ಲಿ ದೊಡ್ಡಿ ಎದ್ದಿರುತ್ತದೆ. ಕಾಗದ ಪೇಟೆಯ ಟಪಾಲು ಕಚೇರಿಯಲ್ಲೇ ಇರಲಿ, ಸಂತೆಗೆ ಬಂದವನು ಹೆಸರು ಹೇಳಿ ಒಯ್ಯಲಿ. ಅದೇ ಸರಿಯಾದ ದಾರಿ.

ಇ-ಮೇಲಿನದೂ ಇದೇ ಕಥೆ. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಂಸ್ಥೆಯು ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್‌ನೆಟ್ ಒದಗಿಸಿದಾಗ, ಮನೆಯ ಟೆಲಿಫೋನಿನಿಂದ ಕರೆಮಾಡಿ ಅದಕ್ಕೆ ಸೇರಬೇಕಾಗಿತ್ತು. ಇಂಥ ಕರೆಯಲ್ಲಿ ಗಿರಾಕಿಯ ಕಂಪ್ಯೂಟರಿಗೆ ಅಂಕಿಗಳ ಒಂದು ವಿಳಾಸ ಸಾಮಾನ್ಯವಾಗಿ ಎರವಲು ಸಿಗುವುದು. ಗಿರಾಕಿಗಳು ಬಹಳ, ಅಂಕಿಗಳು ಮಿತ. ಫೋನು ಇಟ್ಟೊಡನೆ ಅದೇ ಅಂಕಿ ಇನ್ನೊಬ್ಬನ ಪಾಲು. ಆ ಅಂಕಿಯನ್ನೇ ನಂಬಿ ಪತ್ರ ಕಳಿಸಿದರೆ ನಿಮ್ಮ ಕಾಗದ ಯಾರದೋ ಬಾಗಿಲಿಗೆ! ಆದುದರಿಂದ ಸ್ಥಿರ ವಿಳಾಸದ, ಹಗಲಿರುಳು ತೆರೆದಿರುವ ಸರ್ವರ್ ಎಂಬ ಯಂತ್ರದಲ್ಲಿ ಪತ್ರ ಕಾದಿರುತ್ತದೆ. ಗಿರಾಕಿ ಬಂದು ತನ್ನ ಹೆಸರನ್ನೂ ಪಾಸ್‌ವರ್ಡನ್ನೂ ಹೇಳಿ ಎತ್ತಿಕೊಳ್ಳುತ್ತಾನೆ. ಇಡೀ ಕಚೇರಿಯ ಟಪಾಲನ್ನು ಒಂದೇ ಕರೆಯಲ್ಲಿ ಚೀಲದೊಡನೆ ಒಯ್ಯುವಂಥ ಕ್ರಮವೊಂದನ್ನೂ 1999ರಲ್ಲಿ ಪ್ರಕಟಿಸಿದರು. ಅಲ್ಲಿಯೂ "ಎಲ್ಲಿಂದ ಬಂದೆ" ಎಂದಲ್ಲ, "ನೀನು ಯಾರು" ಎಂದೇ ಕೇಳುವುದು.

ಇಂದಿನ ಮೊಬೈಲಿಗೂ ಈ ಅಂಕಿ ಬದಲಾಗುತ್ತಲೇ ಇರುತ್ತದೆ. ಅದರ ಚಿಂತೆ ತಮಗೆ ಬೇಡ. ಕಾಡಂಚಿನಲ್ಲಿ ನಾಲ್ಕು ದಿನ ಸಿಗ್ನಲ್ ಸಿಗದಿದ್ದರೂ ಪತ್ರ ಕಾದಿರುತ್ತದೆ. ಆದರೆ ಪಾಸ್‌ವರ್ಡು ಅಂಗಡಿಯವನ ಕೈಯಲ್ಲಿದ್ದರೆ ಪೆಟ್ಟಿಗೆಯೂ ಅವನದೇ. ವಿಮೆಯವರು "ಇಂಥ ಕಾಗದ ಕಡಿಮೆ ಇದೆ, ಇಷ್ಟು ದಿನದೊಳಗೆ ಕೊಡಿ" ಎಂದು ಬರೆದರೆ ಓದುವವರು ಯಾರು?

ತಮ್ಮ ಹೆಸರಿನಲ್ಲೇ ಪೆಟ್ಟಿಗೆ ತೆರೆಯಿಸಿರಿ. ಪಾಸ್‌ವರ್ಡನ್ನು ಕೈಯಾರೆ ಬರೆದು ಪಹಣಿ ಪತ್ರಗಳ ಜೊತೆಗೆ ಇಟ್ಟುಕೊಳ್ಳಿರಿ. ಅದು ಮರೆತರೆ ಮರಳಿ ಪಡೆಯಲು ಕೊಡುವ ಫೋನ್ ನಂಬರು ತಮ್ಮದೇ ಆಗಿರಲಿ. ಬಿಟ್ಟ ಸಿಮ್ಮಿನ ನಂಬರು 90 ದಿನಗಳ ತರುವಾಯ ಬೇರೆಯವರಿಗೆ ಹೋಗಬಹುದು. ಹೊಸ ನಂಬರನ್ನು ಮೊದಲು ಪೆಟ್ಟಿಗೆಗೆ ಸೇರಿಸಿ, ಆಮೇಲೆ ಹಳೆಯದನ್ನು ಬಿಡತಕ್ಕದ್ದು.