ಪರದೆ ಇಂಗ್ಲಿಷಿನಲ್ಲಿರಲಿ, ದನಿ ಕನ್ನಡದಲ್ಲಿರಲಿ
(ಸಂಘದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸ)



ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ನಮ್ಮ ಎಷ್ಟೋ ಮಕ್ಕಳು ಮನೆಯಲ್ಲಿ ದಖನಿ ಉರ್ದು ಮಾತಾಡುತ್ತಾರೆ, ಶಾಲೆಯಲ್ಲಿ ಕನ್ನಡ ಓದುತ್ತಾರೆ. ಕಂಪ್ಯೂಟರ್ ಮುಂದೆ ಕುಳಿತರೆ ಎದುರಾಗುವುದು ಇಂಗ್ಲಿಷ್. ಸಾಫ್ಟ್‌ವೇರ್ ಕಲಿಸುವ ವಿಡಿಯೋಗಳಿಗೇನೂ ಇಂದು ಕೊರತೆಯಿಲ್ಲ. ಆದರೆ ಹೇಳುವವರ ಇಂಗ್ಲಿಷ್ ಅರ್ಥವಾಗುವಷ್ಟರಲ್ಲಿ ಮೌಸ್ ಎಲ್ಲಿಗೋ ಹೋಗಿರುತ್ತದೆ. ಮಕ್ಕಳು ಎಲ್ಲಿ ಒತ್ತಬೇಕೆಂಬುದನ್ನು ಬಾಯಿಪಾಠ ಮಾಡುತ್ತಾರೆ; ಏಕೆ ಒತ್ತಬೇಕೆಂಬುದು ತಿಳಿಯುವುದಿಲ್ಲ. ಹೊಸ ಆವೃತ್ತಿಯಲ್ಲಿ ಆ ಬಟನ್ ಜಾಗ ಬದಲಿಸಿದರೆ ಕಲಿತದ್ದು ಕೈಬಿಟ್ಟಿತು.

ಇದಕ್ಕೊಂದು ದಾರಿಯನ್ನು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ತೋರಿಸಿಕೊಟ್ಟಿದೆ. ಪ್ರೊ. ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ, ಕೇಂದ್ರ ಸರ್ಕಾರದ ನೆರವಿನಿಂದ ಬೆಳೆದ ಯೋಜನೆ ಇದು. ಲಿನಕ್ಸ್, ಲಿಬ್ರೆಆಫೀಸ್ ಮುಂತಾದವನ್ನು ಸುಮಾರು 10 ನಿಮಿಷದ ಪಾಠಗಳಲ್ಲಿ ಕಲಿಸುತ್ತಾರೆ. ಚಿತ್ರವನ್ನು ಹಾಗೆಯೇ ಇಟ್ಟುಕೊಂಡು ದನಿಯನ್ನು ಮಾತ್ರ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ಬದಲಿಸುತ್ತಾರೆ. ಪರದೆಯನ್ನೂ ಕನ್ನಡ ಮಾಡಬಾರದೇ ಎಂದು ನೀವು ಕೇಳಬಹುದು. ಕಲಿತವರು ನಾಳೆ ಅಂಗಡಿಯ ಲೆಕ್ಕಕ್ಕೋ ಕಚೇರಿಯ ಆಪರೇಟರ್ ಕೆಲಸಕ್ಕೋ ಹೋದಾಗ ಅಲ್ಲಿನ ಪರದೆ ಇಂಗ್ಲಿಷಿನಲ್ಲೇ ಇರುತ್ತದೆ. ಕಣ್ಣಿಗೆ ಅದು ರೂಢಿಯಾಗಲಿ, ವಿವರಣೆ ಮಾತ್ರ ತಿಳಿಯುವ ಭಾಷೆಯಲ್ಲಿರಲಿ ಎಂಬುದು ಅವರ ಲೆಕ್ಕಾಚಾರ. ನನಗಂತೂ ಇದು ಸರಿ ಎನಿಸುತ್ತದೆ.

ಇಂಥ ದನಿ ಸೇರಿಸುವ ಕೆಲಸ ನಮ್ಮ ಊರಿನಲ್ಲೇ ಆಗಬಹುದು. ಬೇಕಾದದ್ದು ಒಂದು ಸಾಧಾರಣ ಕಂಪ್ಯೂಟರ್, ಒಂದು ಹೆಡ್‌ಫೋನ್ ಮೈಕ್, ಮತ್ತು ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್.

ಮೊದಲು ಬರೆಯಬೇಕು. ಹಾಳೆಯ ಎಡಗಡೆ ಸಮಯ, ಬಲಗಡೆ ಆ ಹೊತ್ತಿಗೆ ಹೇಳಬೇಕಾದ ಮಾತು. ಕಷ್ಟವಿರುವುದು ಇಲ್ಲೇ. ಇಂಗ್ಲಿಷಿನ ವಾಕ್ಯವನ್ನು ಕನ್ನಡಕ್ಕೆ ಇಳಿಸಿದರೆ ಸಾಮಾನ್ಯವಾಗಿ ಉದ್ದವಾಗುತ್ತದೆ. 4 ಸೆಕೆಂಡಿನ ಜಾಗಕ್ಕೆ 7 ಸೆಕೆಂಡಿನ ಮಾತು ಬಂದು ಕೂರುತ್ತದೆ. ಹಲವರು ಆಗ ಓಡುತ್ತಾ ಓದುತ್ತಾರೆ; ಕೇಳುವವರಿಗೆ ಮತ್ತೆ ಅದೇ ಪಾಡು. ಓಡಬೇಡಿ, ಮಾತು ಕತ್ತರಿಸಿ. ‘ಈಗ ನಾವು ಫೈಲ್ ಮೆನುವನ್ನು ಕ್ಲಿಕ್ ಮಾಡುವುದರ ಮೂಲಕ ನಮ್ಮ ಕಡತವನ್ನು ಉಳಿಸಿಕೊಳ್ಳೋಣ’ ಎನ್ನುವ ಬದಲು ‘ಫೈಲ್ ಮೆನುವಿಗೆ ಹೋಗಿ, ಸೇವ್ ಒತ್ತಿ’ ಎಂದರೆ ಮುಗಿಯಿತು. ಅದಕ್ಕೂ ಜಾಗ ಸಾಲದಿದ್ದರೆ ಚಿತ್ರವನ್ನು ಎರಡು ಸೆಕೆಂಡು ನಿಲ್ಲಿಸಿ.

ಒಂದು ಅನುಕೂಲವೂ ನಮ್ಮ ಭಾಷೆಯಲ್ಲಿದೆ. ಇಂಗ್ಲಿಷಿನವರು ‘ಕ್ಲಿಕ್’ ಎಂದು ಮೊದಲು ಹೇಳಿ, ಎಲ್ಲಿ ಎಂಬುದನ್ನು ಆಮೇಲೆ ಹೇಳುತ್ತಾರೆ. ಕನ್ನಡದಲ್ಲಿ ಜಾಗ ಮೊದಲು, ಕ್ರಿಯೆ ಕೊನೆಗೆ. ಉರ್ದುವಿನಲ್ಲೂ ಹಾಗೆಯೇ. ಕಣ್ಣು ಮೆನುವನ್ನು ಹುಡುಕಿಕೊಂಡ ಮೇಲೆ ‘ಒತ್ತಿ’ ಎಂಬ ಮಾತು ಕಿವಿಗೆ ಬೀಳುತ್ತದೆ. ಪರದೆಯ ಮೇಲಿನ ಹೆಸರುಗಳನ್ನು ಮಾತ್ರ ಅನುವಾದಿಸಬೇಡಿ. ಅಲ್ಲಿ ‘ಸೇವ್’ ಎಂದಿದ್ದರೆ ‘ಸೇವ್’ ಎನ್ನಿ. ಅರ್ಥವನ್ನು ಒಮ್ಮೆ ಹೇಳಿದರೆ ಸಾಕು.

ಇನ್ನು ಧ್ವನಿಮುದ್ರಣ. 1884ರಲ್ಲಿ ಆರಂಭವಾಗಿ ಮುಂದೆ ವೀರಣ್ಣನವರಿಂದ ಪ್ರಸಿದ್ಧವಾದ ಗುಬ್ಬಿ ನಾಟಕ ಕಂಪನಿಯ ಹಳೆಯ ನಟರು ಮೈಕಿಲ್ಲದೆ ಕೊನೆಯ ಸಾಲಿಗೆ ಕೇಳಿಸುವಂತೆ ಮಾತಾಡಬೇಕಿತ್ತು. ನಿಮ್ಮ ಕೆಲಸ ಅದಕ್ಕೆ ತದ್ವಿರುದ್ಧ: ಪಕ್ಕದಲ್ಲಿ ಕುಳಿತ ಒಬ್ಬರಿಗೆ ಹೇಳಿದಂತಿರಬೇಕು. ಮೈಕನ್ನು ಬಾಯಿಯ ಎದುರಿಗಲ್ಲ, ಸ್ವಲ್ಪ ಓರೆಗೆ ಇಟ್ಟರೆ ಉಸಿರಿನ ಸದ್ದು ಬೀಳದು. ಫ್ಯಾನ್ ನಿಲ್ಲಿಸಿ. ಗೋಡೆಗೆ ಒಂದು ದಪ್ಪ ರಜಾಯಿ ತೂಗುಹಾಕಿದರೆ ಕೋಣೆಯ ಗುಂಯ್‌ಗುಡುವಿಕೆ ತಗ್ಗುತ್ತದೆ. ಗುಬ್ಬಿಯಲ್ಲಿ ರೈಲು, ಕುಣಿಗಲ್‌ನಲ್ಲಿ ಹೆದ್ದಾರಿಯ ಲಾರಿ, ತುಮಕೂರಿನಲ್ಲಿ ಆಟೋ. ಇಶಾ ನಮಾಜಿನ ನಂತರದ ಹೊತ್ತೇ ಒಳ್ಳೆಯದು. ಮಾತು ಶುರುಮಾಡುವ ಮೊದಲು 5 ಸೆಕೆಂಡು ಸುಮ್ಮನಿರಿ. ಆ ಖಾಲಿ ಭಾಗವನ್ನು ಆರಿಸಿ ತೋರಿಸಿದರೆ ಆಡಾಸಿಟಿ ಅದನ್ನೇ ಮಾದರಿಯಾಗಿಟ್ಟುಕೊಂಡು ಉಳಿದೆಡೆಯ ಸದ್ದನ್ನು ಕಡಿಮೆ ಮಾಡುತ್ತದೆ. ಅತಿಯಾಗಿ ಮಾಡಿದರೆ ದನಿ ಡಬ್ಬದೊಳಗಿಂದ ಬಂದಂತಾಗುತ್ತದೆ.

‘ನಮ್ಮ ಕನ್ನಡದಲ್ಲಿ ಉರ್ದುವಿನ ಎಳೆತವಿದೆ, ನಗುತ್ತಾರೆ’ ಎಂದು ಹಿಂಜರಿಯುವ ಮಕ್ಕಳಿದ್ದಾರೆ. ಅವರಿಗೆ ಹೇಳಿ: ಕಲಿಯುವವರು ಹುಡುಕುವುದು ಸ್ಪಷ್ಟತೆಯನ್ನು, ಆಕಾಶವಾಣಿಯ ಉಚ್ಚಾರಣೆಯನ್ನಲ್ಲ. ಉರ್ದುವಿನಲ್ಲೇ ಏಕೆ ಮೊದಲು ಮಾಡಬಾರದು ಎಂಬ ಮಾತೂ ಬಂದಿದೆ. ಕನ್ನಡದಲ್ಲಿ ಮಾಡಿದರೆ ನೆರೆಮನೆಯ ಮಕ್ಕಳಿಗೂ ಸಿಗುತ್ತದೆ, ಆದ್ದರಿಂದ ಅದು ಮೊದಲಾಗಲಿ ಎಂಬುದು ನನ್ನ ಅಭಿಪ್ರಾಯ. ದನಿಯ ಕಡತವನ್ನು ಚಿತ್ರದಿಂದ ಬೇರೆಯಾಗಿ ಕಾದಿಟ್ಟರೆ ಉರ್ದು ದನಿಯನ್ನು ಅದೇ ಚಿತ್ರಕ್ಕೆ ಮುಂದೆ ಸೇರಿಸಬಹುದು. ಹೆಣ್ಣುಮಕ್ಕಳ ತಂದೆತಾಯಂದಿರಿಗೆ ಒಂದು ಮಾತು: ಇಲ್ಲಿ ಮುಖ ಕಾಣುವುದಿಲ್ಲ, ಹೆಸರು ಹಾಕಲೇಬೇಕೆಂದಿಲ್ಲ, ಕೆಲಸ ಮನೆಯಲ್ಲೇ ಆಗುತ್ತದೆ. ನಿರ್ಧಾರ ನಿಮ್ಮದು, ಮಗಳನ್ನೂ ಒಂದು ಮಾತು ಕೇಳಿ.

ಸ್ಪೋಕನ್ ಟ್ಯುಟೋರಿಯಲ್‌ನವರು ಮಾಡುವ ಇನ್ನೊಂದು ಪರೀಕ್ಷೆಯನ್ನು ಬಿಡಬೇಡಿ. ಆ ಸಾಫ್ಟ್‌ವೇರ್ ತಿಳಿಯದ ಒಬ್ಬರಿಗೆ, ಧ್ವನಿಮುದ್ರಣಕ್ಕೂ ಮುಂಚೆಯೇ, ಬರೆದದ್ದನ್ನು ಕೊಟ್ಟು ಹಾಗೆಯೇ ಮಾಡಲು ಹೇಳುತ್ತಾರೆ. ನೀವು ಅಮ್ಮಿಗೋ ತಂಗಿಗೋ ಕೊಡಿ. ಪಕ್ಕದಲ್ಲಿ ಕುಳಿತು ಬಾಯಿಬಿಡದೆ ನೋಡಿ. ಅವರ ಕೈ ಎಲ್ಲಿ ನಿಲ್ಲುತ್ತದೋ ಆ ವಾಕ್ಯಕ್ಕೆ ಗುರುತು ಹಾಕಿಕೊಂಡು ಮತ್ತೆ ಬರೆಯಿರಿ, ಆಮೇಲೆ ಮೈಕ್ ಹಚ್ಚಿ.